ಐದನೇ ಆವೃತ್ತಿಯ ಗಂಡು

ದಾಳ ಹಾಕಿ ಆಡುವ ಮಂತ್ರವಾದಿ, ಡ್ರ್ಯಾಗನ್‌ಗಳ ಆಟದ ಪುಸ್ತಕದಲ್ಲಿರುವ ನಿಯಮಗಳೇ ಬದುಕಿನ ನಿಯಮಗಳಾದ ಮೇಲೆ, ಹೆಣ್ಣು ನೋಡಲು ಬಂದವರು ಜಾತಕ ಕೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಎಷ್ಟನೇ ಆವೃತ್ತಿಯ ಪುಸ್ತಕ ನಡೆಯುತ್ತದೆ ಎಂದು ಕೇಳುತ್ತಿದ್ದರು. ಶಿವಲೀಲಾಳ ಮನೆಯದು ಎರಡನೆಯದು, ನೋಡಲು ಬಂದ ನಂದೀಶನದು ಐದನೆಯದು.

"ನಿಮ್ಮಲ್ಲಿ ಎಂಥಾ ಗಾಯಾನೂ ಒಂದು ನಿದ್ದೆ ಮಾಡಿ ಎದ್ರೆ ವಾಸಿಯಂತೆ. ಅದೂ ಒಂದು ಬಾಳೇನಪ್ಪಾ? ನಮ್ಮಲ್ಲಿ ಮೊಣಕಾಲು ತರಚಿದ್ರೂ ವಾರ ಮಲಗಬೇಕು!" ಎಂದು ಶಿವಲೀಲಾಳ ಅಜ್ಜ ಗುರುಶಾಂತಪ್ಪ ಹುಡುಗನನ್ನು ಕೆಣಕುತ್ತಿದ್ದರು.

ಶಿವಲೀಲಾ ಕಾಫಿ ಟ್ರೇ ಹಿಡಿದು ಹೊಸ್ತಿಲಲ್ಲಿ ನಿಂತಳು. ಕಾಫಿ ಚೆಲ್ಲದೆ ತಲುಪುತ್ತದೋ ಎಂದು ತಿಳಿಯಲು, ಪದ್ಧತಿಯಂತೆ ಅವಳ ತಾಯಿ ಇಪ್ಪತ್ತು ಮುಖದ ದಾಳ ಉರುಳಿಸಿದಳು; ಹೆಚ್ಚು ಬಿದ್ದಷ್ಟೂ ಒಳ್ಳೆಯದು. ಬಿದ್ದದ್ದು ಎರಡು. ಇನ್ನು ಕಾಫಿ ಚೆಲ್ಲುವುದು ಖಂಡಿತ. ಟ್ರೇ ಆಗಲೇ ಒಂದು ಕಡೆ ವಾಲತೊಡಗಿತು.

ನಂದೀಶ ಎದ್ದು ಬಂದು ಟ್ರೇಯ ಇನ್ನೊಂದು ತುದಿ ಹಿಡಿದ. "ನಮ್ಮ ಪುಸ್ತಕದಾಗೆ ಪಕ್ಕದಲ್ಲಿ ಒಬ್ರು ನಿಂತ್ರೆ ಇನ್ನೊಂದ್ಸಲ ಹಾಕಬಹುದು. ಹಾಕ್ರಿ ಅಮ್ಮಾ."

ತಾಯಿ ಹಾಕಿದಳು. ಒಂದು ಬಿತ್ತು. ಬಿಸಿ ಕಾಫಿ ಇಬ್ಬರ ಕೈಮೇಲೂ ಚೆಲ್ಲಿತು.

"ನಮ್ಮ ಆವೃತ್ತೀಲಾಗಿದ್ರೆ ಒಬ್ರ ಮೇಲೆ ಮಾತ್ರ ಚೆಲ್ತಿತ್ತು," ಎಂದರು ಅಜ್ಜ.

ಶಿವಲೀಲಾ ಕೈಯ ಮೇಲೆ ಉಫ್ ಎಂದು ಊದುತ್ತಾ, ನಂದೀಶನ ಕಡೆ ನೋಡದೆ ಹೇಳಿದಳು: "ಅವ್ರ ಪುಸ್ತಕಾನೇ ಇರ್ಲಿ ಬಿಡಜ್ಜ. ಸುಟ್ಟಿದ್ದು ಬೆಳಿಗ್ಗೆಗೆ ವಾಸಿ ಆಗ್ತತಿ."