ಕೇಳಿಸಿಕೊಂಡವನು

ಪರದೆಯ ಹಿಂದೆ ಸರಿದವನೇ ಅವನು ಜೇಬಿನಿಂದ ಒಂದು ಹಿಡಿ ಸಣ್ಣ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸುವವರ ಅಭ್ಯಾಸವೇ ಅದು: ಮೊಳೆ ಬಾಯಲ್ಲಿ, ಸುತ್ತಿಗೆ ಕೈಯಲ್ಲಿ. ಇವತ್ತು ಬಡಿಯುವ ಕೆಲಸವೇನೂ ಉಳಿದಿರಲಿಲ್ಲ. ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇನೆಂದು ಹಾಕಿಕೊಂಡದ್ದು. ಬೀದಿಯವರು ಅವನಿಗೆ ‘ರೇಡಿಯೋ’ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಡಾಕ್ಟರ ಕುರ್ಚಿಗೆ ಹೊಸ ಬಟ್ಟೆ ಹಾಕಲೆಂದು ಬಂದಿದ್ದ. "ಮುಗೀತು ಡಾಕ್ಟ್ರೇ, ಹೊರಟೆ" ಎಂದು ಒಳಗೆ ಕೈ ತೊಳೆಯುತ್ತಿದ್ದವರಿಗೆ ಕೂಗಿ, ಬಾಗಿಲು ದಡಾರನೆ ಹಾಕಿ, ಒಳಗೇ ಉಳಿದುಬಿಟ್ಟ. ಇನ್ನೇನು ಅವನ ಹೆಂಡತಿ ಬರುವ ಹೊತ್ತು.

ಮದುವೆಯಾಗಿ ಸ್ವಲ್ಪ ಕಾಲಕ್ಕೇ ಅವಳ ಗಂಟಲು ಕಟ್ಟಿತ್ತು. ಮನೆಯಲ್ಲಿ ‘ಹೂಂ’ ‘ಉಹೂಂ’ ಬಿಟ್ಟರೆ ಮಾತಿಲ್ಲ. ಒಬ್ಬ ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ ಏನೂ ಇಲ್ಲ ಎಂದರು. ದೊಡ್ಡಾಸ್ಪತ್ರೆಯಲ್ಲಿ ತಲೆಯ ಮೇಲೆ ತಣ್ಣೀರು ಸುರಿದರು. ಇನ್ನೊಬ್ಬರು ಕಣ್ಣೆದುರು ಗಡಿಯಾರ ತೂಗಿ, ನಿದ್ದೆ ಬರಿಸಿ, "ಮಾತಾಡು" ಎಂದು ಅಪ್ಪಣೆ ಕೊಟ್ಟರು. ಅವಳು ಸೊಗಸಾಗಿ ನಿದ್ದೆ ಮಾಡಿ ಎದ್ದಳು, ಅಷ್ಟೇ.

ಈ ಡಾಕ್ಟರು ಹೊಸ ಕಾಲದವರು. ಮನಸ್ಸಿಗೊಂದು ನೆಲಮಾಳಿಗೆ ಇರುತ್ತದೆ, ಅಲ್ಲಿ ಬೀಗ ಹಾಕಿಟ್ಟದ್ದು ಗಂಟಲನ್ನು ಹಿಡಿದಿದೆ ಎಂದರು. ಅವಳನ್ನು ಏನಮ್ಮಾ ತೊಂದರೆ ಎಂದು ಕೇಳಿದರೆ ಅವನೇ ಆದಿಯಿಂದ ಅಂತ್ಯದವರೆಗೆ ವಿವರಿಸಿದ. ಕೊನೆಗೆ ಡಾಕ್ಟರು, "ನೀವು ಹೊರಗೆ ಕೂತ್ಕೊಳ್ಳಿ" ಎಂದರು.

ಹೊರಗೆ ಕೂತವನಿಗೆ ಅವಳ ದನಿ ಕೇಳಿಸಿತು. ಮಾತು ತಿಳಿಯಲಿಲ್ಲ. ಆದರೆ ನಕ್ಕದ್ದು ತಿಳಿಯಿತು. ಅಂದಿನಿಂದ ಅವನಿಗೆ ಡಾಕ್ಟರ ಮೇಲೇ ಅನುಮಾನ. ಡಾಕ್ಟರ ಕೋಣೆಯಲ್ಲಿ ಅವಳು ಮಲಗಿ ಮಾತಾಡುವ ಮೆತ್ತೆಯ ಮಂಚವನ್ನು, ಒಂದೊಂದು ಸ್ಪ್ರಿಂಗನ್ನೂ, ಕಟ್ಟಿಕೊಟ್ಟವನು ಅವನೇ. ಅವನು ಕಟ್ಟಿದ ಮಂಚದಲ್ಲಿ ಮಲಗಿ ಅವನ ಹೆಂಡತಿ ಇನ್ನೊಬ್ಬನ ಹತ್ತಿರ ಮನಸ್ಸು ಬಿಚ್ಚುವುದೆಂದರೇನು? ಅವಳನ್ನು ಅವನು ಕಷ್ಟಪಟ್ಟು ಒಲಿಸಿಕೊಂಡವನೂ ಅಲ್ಲ. ಮಾವನ ಮನೆಯ ಆರಾಮಕುರ್ಚಿ ರಿಪೇರಿಗೆ ಹೋಗಿದ್ದ, ಮರುವಾರ ಮಾವನೇ ಹುಡುಗಿ ಒಪ್ಪಿದ್ದಾಳೆ ಎಂದು ಹೇಳಿಕಳಿಸಿದ್ದ. ಕುರ್ಚಿಗೆ ಹಾಕಿದ ಹಸಿರು ಬಟ್ಟೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನ ಅವಳ ಮುಖವೇ ನೆನಪಿಲ್ಲ.

ಬಾಗಿಲು ತೆರೆಯಿತು. ಅವಳು ಬಂದು ಮಲಗಿದಳು. ಡಾಕ್ಟರು ಎಂದಿನಂತೆ ಅವಳ ತಲೆಯ ಹಿಂದೆ, ಕಣ್ಣಿಗೆ ಬೀಳದ ಕಡೆ ಕೂತರು.

"ಅದೇ ಕನಸು, ಡಾಕ್ಟ್ರೇ. ಮತ್ತೆ ಅವರು ಬಂದಿದ್ರು."

ಹಾಗಾದರೆ ಡಾಕ್ಟರಲ್ಲ. ಬೇರೆಯವನೇ ಇದ್ದಾನೆ! ಅವನ ಹಿಡಿ ಸುತ್ತಿಗೆಯ ಮೇಲೆ ಬಿಗಿಯಿತು.

"ಅವರ ವಿಷಯ ಇನ್ನಷ್ಟು ಹೇಳಿ ಅಮ್ಮಾ."

"ಅಮ್ಮ ಹೋಗಿ ಸ್ವಲ್ಪ ದಿನ ಆಗಿತ್ತು. ನಾನು ಅಳ್ತಾ ಎಲ್ಲಾ ಹೇಳ್ಕೊಂಡೆ. ಅಮ್ಮ ಕೊನೇಲಿ ನನ್ನ ಕೈ ಹಿಡ್ಕೊಂಡಿದ್ದು, ಎಲ್ಲಾ. ಅವರು ಮಧ್ಯೆ ಒಂದು ಮಾತೂ ಆಡ್ಲಿಲ್ಲ. ಮಧ್ಯಾಹ್ನ ಪೂರ್ತಿ ಕೇಳಿಸ್ಕೊಂಡ್ರು. ಅಷ್ಟು ಚೆನ್ನಾಗಿ ನನ್ನ ಮಾತು ಯಾರೂ ಕೇಳಿಲ್ಲ."

ಅವಳ ತಾಯಿಯ ಕೊನೆಗಳಿಗೆಯ ಸಂಗತಿಯನ್ನು ಅವಳು ತನಗೆ ಒಂದು ದಿನವೂ ಹೇಳಿದ ನೆನಪು ಅವನಿಗಿರಲಿಲ್ಲ. ಯಾರವನು? ಮಹಡಿಯ ಮೇಲಿನ ಬಾಡಿಗೆದಾರ, ಬಾಯಿ ಹೊಲಿದುಕೊಂಡವನಂತೆ ಓಡಾಡುವ ಆ ಗಡಿಯಾರ ರಿಪೇರಿಯವನೇ? ಹೆಸರೊಂದು ಕಿವಿಗೆ ಬೀಳಲಿ, ಈ ಸಂಸಾರ ಇವತ್ತಿಗೇ ಮುಗಿಯಿತು ಎಂದುಕೊಂಡ. ಮೊಳೆಯೊಂದು ನಾಲಗೆಗೆ ಚುಚ್ಚಿ ರಕ್ತದ ರುಚಿ ಬಂತು.

"ಕನಸಲ್ಲಿ ಅವರ ಮುಖ ಕಾಣುತ್ತಾ?"

"ಬರೀ ಬೆನ್ನು. ತಿರುಗಿದ್ರೆ ಎಚ್ಚರ ಆಗಿಬಿಡುತ್ತೆ. ತಿರುಗದೇ ಇರಲಿ ಅಂತ ನಾನೇ ಬೇಡ್ಕೋತೀನಿ."

"ಅವರ ಮೇಲೆ ಇನ್ನೂ ಆಸೆ ಇದೆಯಾ?"

"ತುಂಬಾ."

ಪರದೆಯ ಹಿಂದೆ ಅವನಿಗೆ ಕಣ್ಣು ಮಂಜಾಯಿತು. ಕೋಪಕ್ಕೋ ಅಳುವಿಗೋ ಅವನಿಗೇ ಗೊತ್ತಾಗಲಿಲ್ಲ.

"ನಿಮ್ಮ ಮನೆಯವರಿಗೆ ಇದು ಗೊತ್ತಾ?"

"ಹೇಳೋಕೆ ಬಿಟ್ರೆ ತಾನೇ!"

"ಆ ಮನುಷ್ಯ ಈಗ ಎಲ್ಲಿದ್ದಾರೆ ಅಮ್ಮಾ?"

ಅವನು ಪರದೆಯ ಅಂಚು ಹಿಡಿದು ಒಂದು ಹೆಜ್ಜೆ ಮುಂದಿಟ್ಟ.

"ನಮ್ಮನೇಲೇ ಇದ್ದಾರೆ ಡಾಕ್ಟ್ರೇ, ಬೆಳಗಿಂದ ರಾತ್ರಿವರೆಗೂ ಮಾತಾಡ್ಕೊಂಡು. ಅಪ್ಪನ ಕುರ್ಚಿಗೆ ಹಸಿರು ಬಟ್ಟೆ ಹಾಕೋಕೆ ಬಂದಿದ್ದ ಆ ಮಧ್ಯಾಹ್ನ ಅವರ ಬಾಯ್ತುಂಬಾ ಮೊಳೆ ಇತ್ತು ಅನ್ನೋದು ಮದುವೆ ಆದ್ಮೇಲೆ ತಾನೇ ನನಗೆ ಗೊತ್ತಾಗಿದ್ದು."