ಗಾಜಿನ ಮೇಲಿನ ಬಿಳಿ ಚುಕ್ಕೆಗಳು

ಅಕ್ವೇರಿಯಂ ಗಾಜಿನ ಕೊನೆಯ ಬಿಳಿ ಚುಕ್ಕೆಯನ್ನೂ ಕೆರೆದು ತೆಗೆದು, ಫಸಲ್ ಸಿಂಕಿನಲ್ಲಿ ಬ್ಲೇಡು ತೊಳೆಯುತ್ತಿದ್ದಾಗ ಫೋನ್ ಬಂತು. ಹೆಂಡತಿ ಶಿಬಿಲಾ ತೀರಿಹೋಗಿ ಒಂದೂವರೆ ತಿಂಗಳಾಗಿತ್ತು. ಅವಳು ಅಕ್ಕರೆಯಿಂದ ಸಾಕಿದ ಉಪ್ಪುನೀರಿನ ಅಕ್ವೇರಿಯಂ ಹಾಳಾಗಬಾರದೆಂದು ಅವನೇ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಗಾಜಿನ ತುಂಬ ಸಾಸಿವೆಗಿಂತ ಸಣ್ಣ ಬಿಳಿ ಜೀವಿಗಳನ್ನು ಕಂಡು ಹೆದರಿ, ಫೋಟೋ ತೆಗೆದು ನಾಯ್ಮಾರ್ಮೂಲೆಯ ಸಾಕುಮೀನಿನಂಗಡಿಯ ಕೃಷ್ಣಕುಮಾರನಿಗೆ ವಾಟ್ಸಾಪ್ ಮಾಡಿದ್ದ. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ.

"ಹೆದರ್ಬೇಡ ಮಾರಾಯ, ಅದು ಬಸವನಹುಳುವಿನ ಮರಿಗಳು," ಎಂದ ಕೃಷ್ಣಕುಮಾರ. ಅವನ ದನಿಯಲ್ಲಿ ಸಂತೋಷವಿತ್ತು. "ದೊಡ್ಡದು ಮಾಡಿ ನೋಡಿದೆ, ಬೆನ್ನಲ್ಲಿ ಚಿಪ್ಪು ಉಂಟು. ಶಿಬಿಲಾ ಎರಡು ವರ್ಷದಿಂದ ಕಾಯ್ತಾ ಇದ್ದದ್ದು ಇದಕ್ಕೇ. ಆಸ್ಪತ್ರೆಯಿಂದಲೂ ಫೋನ್ ಮಾಡಿ, ‘ಅಣ್ಣ, ಮರಿ ಆಗಬಹುದಾ’ ಅಂತ ಕೇಳಿದ್ಲು. ಎಷ್ಟುಂಟು?"

ಫಸಲ್ ನೀರಿನ ನಲ್ಲಿ ನಿಲ್ಲಿಸಿದ. ಸಿಂಕಿನಲ್ಲಿ ಏನೂ ಉಳಿದಿರಲಿಲ್ಲ. ಅಕ್ವೇರಿಯಂ ಹತ್ತಿರ ಓಡಿ, ಗಾಜಿಗೆ ಮುಖ ಒತ್ತಿ, ಮೂಲೆಮೂಲೆಯಲ್ಲೂ ಹುಡುಕಿದ. ಒಂದೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಉಜ್ಜಿದ್ದ.

"ಹಲೋ? ಎಷ್ಟುಂಟು ಅಂತ ಹೇಳು ಮಾರಾಯ."

"ತುಂಬ ಇತ್ತು, ಕೃಷ್ಣಣ್ಣ," ಎಂದ ಫಸಲ್.