ತಣಿಯುವವರೆಗೆ

"ಮತ್ತೆ ಬಿಸಿ ಆಗ್ತದೆ ತಮಾ," ಎನ್ನುತ್ತ ಗಂಗೆ ಖಾಲಿ ಮೀನುಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಮೊಬೈಲನ್ನು ಕೌಂಟರಿನ ಆಚೆಗೆ ಸರಿಸಿದಳು. ತನ್ನೂರು ಟೊಂಕದ ಕಡೆ ಹೋಗುವ ಟೆಂಪೊ ಬರುವ ತನಕ ಅವಳು ಕೂರುವ ಸ್ಟೂಲು ಅಲ್ಲೇ ಇತ್ತು.

ರಾಜೀವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೊನ್ನಾವರ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಗೆ ತರುವವರು ಕಡಿಮೆಯಾದ ಮೇಲೆ ಅವನು ಕಂಪ್ಯೂಟರ್ ಜೋಡಿಸುವ ಆಟವೊಂದಕ್ಕೆ ಅಂಟಿಕೊಂಡಿದ್ದ. ಅದರಲ್ಲೂ ಒಂದು ಅಂಗಡಿ. ಗಿರಾಕಿಗಳು ಪತ್ರ ಬರೆದು ಕೆಲಸ ಒಪ್ಪಿಸುತ್ತಾರೆ. ಈಗಿನ ಕೆಲಸ, ಪ್ರೊಸೆಸರನ್ನು ಅದರ ಹುಟ್ಟುವೇಗಕ್ಕಿಂತ ಜೋರಾಗಿ ಓಡಿಸುವುದು. ವೋಲ್ಟೇಜು ಒಂದು ಗೆರೆ ಏರಿಸಿದರೆ ವೇಗ ಒಂದು ಗೆರೆ ಏರುತ್ತದೆ, ಶಾಖ ಮಾತ್ರ ಎರಡು ಗೆರೆ. ಪರದೆಯ ಮೂಲೆಯಲ್ಲಿ ಉಷ್ಣಾಂಶ ತೊಂಬತ್ತರ ಹತ್ತಿರ ಬಂದು ಕೆಂಪಾಗಿತ್ತು.

"ಯಾರದು ಅದು ಕಂಪ್ಯೂಟರು?" ಗಂಗೆ ಬಗ್ಗಿ ನೋಡಿದಳು.

"ಯಾರದೂ ಅಲ್ಲ. ಆಟ."

"ಆಟದಲ್ಲೂ ರಿಪೇರಿಯಾ? ಅಂಗಡೀಲಿಲ್ದಿದ್ ಗಿರಾಕಿ ಅಲ್ಲಾದ್ರೂ ಬಂತಲ್ಲ, ಆತು ಬಿಡು. ಅದಕ್ಕೆಂತ ಆಗಿದೆ?"

"ಜೋರು ಓಡಿಸ್ಬೇಕಂತೆ. ಓಡ್ಸಿದ್ರೆ ಬಿಸಿ ಆಗ್ತದೆ."

"ಹಂಗಾರೆ ಐಸ್ ಹಾಕು. ಅಡಿಗೊಂದು ಪದರ, ಮೇಲೊಂದು ಪದರ. ಬಂಗಡೆ ಸಂಜೆ ತನಕ ತಡೀತದೆ, ಇದೆಂತ ಬಂಗಡೆಗಿಂತ ನಾಜೂಕಾ?" ತನ್ನ ಮಾತಿಗೆ ತಾನೇ ನಕ್ಕಳು.

ಅಷ್ಟರಲ್ಲಿ ಶಾಖ ತಾಳದೆ ಪರದೆಯೊಳಗಿನ ಯಂತ್ರ ಆರಿಹೋಯಿತು. ಸಿಟ್ಟೆಲ್ಲ ರಾಜೀವನ ಬಾಯಿಗೆ ಬಂತು. "ಗಂಗಕ್ಕಾ, ನಿನ್ನ ಮೊಬೈಲಿಗೆ ಎಂತದೂ ಆಗ್ಲಿಲ್ಲ. ದಿನಾ ತಂದು ಕೂತ್ರೆ ನಂಗೆ ಬೇರೆ ಕೆಲಸ ಇಲ್ವಾ?"

ಅಂಗಡಿಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಗಂಗೆ ಒಮ್ಮೆ ಆ ಖಾಲಿ ಗೋಡೆಗಳನ್ನೂ ಒಮ್ಮೆ ಅವನನ್ನೂ ನೋಡಿದಳು. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಸುತ್ತಿ ಬುಟ್ಟಿಗೆ ಹಾಕಿಕೊಂಡು, "ಹೌದು, ನಿಂಗೆ ಕೆಲಸ ಇದೆ" ಎಂದು ಮೆಟ್ಟಿಲಿಳಿದಳು.

ರಾಜೀವ ವೋಲ್ಟೇಜು ತಗ್ಗಿಸಿದ, ದೊಡ್ಡ ಫ್ಯಾನು ಕೂರಿಸಿದ, ಮತ್ತೆ ಪರೀಕ್ಷೆಗೆ ಹಚ್ಚಿದ. ಶಾಖ ಎಪ್ಪತ್ತರಲ್ಲಿ ಅಲುಗದೆ ನಿಂತಿತು. ಇನ್ನು ಕಳಿಸುವುದಷ್ಟೇ. ಕಳಿಸಿದರೆ ಎರಡು ಸಾಲಿನ ಧನ್ಯವಾದ ಬರುತ್ತದೆ, ಗಿರಾಕಿಯ ಹೆಸರು ಅಳಿಸಿಹೋಗುತ್ತದೆ. ಈ ಗಿರಾಕಿಯ ಹೆಸರು ಮಾರ್ಥಾ. ಉಳಿದವರೆಲ್ಲ ನೇರ ಕೆಲಸಕ್ಕೇ ಇಳಿದರೆ, ಇವಳ ಪತ್ರ ಮಾತ್ರ "ಹೇಗಿದ್ದೀರಿ?" ಎಂದು ಶುರುವಾಗುತ್ತಿತ್ತು. ಆಟ ಮಾಡಿದವರು ಯಾರೋ ಬರೆದಿಟ್ಟ ಸಾಲು ಅದು ಎಂಬುದು ರಾಜೀವನಿಗೆ ಗೊತ್ತಿತ್ತು. ಗೊತ್ತಿದ್ದೂ ಈ ಹಿಂದೆ ಎರಡು ಸಲ, ಪ್ರೊಸೆಸರಿನ ಶಾಖವನ್ನು ಮೇಲಕ್ಕೆ ದಾಟಿಸುವ ಪೇಸ್ಟನ್ನು ಅರ್ಧಕ್ಕೇ ಹಚ್ಚಿ ಕಳಿಸಿದ್ದ. ಯಂತ್ರ ಬಿಸಿಯಾಗಿತ್ತು, ಮಾರ್ಥಾ ಮತ್ತೆ ಬರೆದಿದ್ದಳು: "ಹೇಗಿದ್ದೀರಿ? ಮತ್ತೆ ಬಿಸಿಯಾಗುತ್ತಿದೆ."

ಈಗಲೂ ಅವನು ಸರಿಯಾಗಿದ್ದ ಯಂತ್ರವನ್ನು ಬಿಚ್ಚಿದ. ಪೇಸ್ಟನ್ನು ಒರೆಸಿ, ಒಂದು ಮೂಲೆಗಷ್ಟೇ ಸವರಿ, ಮುಚ್ಚಿ ಕಳಿಸಿದ.

ಆಟದ ವಾರಕ್ಕೆ ನಮ್ಮ ಹತ್ತು ನಿಮಿಷ ಸಾಕು. ಉತ್ತರ ಬಂತು. ಅದರಲ್ಲಿ "ಹೇಗಿದ್ದೀರಿ" ಇರಲಿಲ್ಲ. "ಇನ್ನು ಬೇರೆ ಅಂಗಡಿಗೆ ಹೋಗುತ್ತೇನೆ" ಎಂದಷ್ಟೇ ಇತ್ತು. ಹೆಸರು ಪಟ್ಟಿಯಿಂದ ಮಾಯವಾಯಿತು.

ರಾಜೀವ ಪರದೆ ಆರಿಸಿದ. ಎದುರಿಗಿದ್ದದ್ದು ಆ ಸ್ಟೂಲು. ಇಷ್ಟು ದಿನ ಬಂದು ಕೂತರೂ ಗಂಗೆಯ ಮೊಬೈಲು ಇಲ್ಲಿ ಒಮ್ಮೆಯೂ ರಿಂಗಾದದ್ದಿಲ್ಲ. ಯಾರೂ ಮಾತಾಡದ ಮೊಬೈಲು ಬಿಸಿಯಾಗುವುದಾದರೂ ಎಲ್ಲಿಂದ? ಇವತ್ತಂತೂ ತಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ.

ಮರುದಿನ ಅವಳು ಬರಲಿಲ್ಲ. ಆಚೆ ಮರುದಿನವೂ ಇಲ್ಲ. ಅದರ ಮರುದಿನ ರಸ್ತೆಯಾಚೆ, ಬಿಸಿಲಿನಲ್ಲೇ, ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಟೆಂಪೊ ಕಾಯುತ್ತ ನಿಂತಿದ್ದು ಕಂಡಿತು. ರಾಜೀವ ಹೊರಗೆ ಬಂದ.

"ಗಂಗಕ್ಕಾ, ಮೊಬೈಲು ತಂದ್ಯಾ?"

"ಅದಕ್ಕೆಂತದೂ ಆಗ್ಲಿಲ್ಲ," ಅವಳು ಮುಖ ತಿರುಗಿಸಲಿಲ್ಲ. "ನೀನೇ ಹೇಳಿದ್ಯಲ."

"ಆವತ್ತು ಸಮಾ ನೋಡ್ಲಿಲ್ಲ ನಾನು. ಕೊಡು ಇಲ್ಲಿ, ಒಳಗೆ ಬಾ."

ಟೆಂಪೊ ಬಂದು ನಿಂತಿತು. ಕ್ಲೀನರ್ ಹುಡುಗ ಟೊಂಕ, ಟೊಂಕ ಎಂದು ಕೂಗಿದ. ಗಂಗೆ ಟೆಂಪೊ ನೋಡಿದಳು, ಇವನನ್ನು ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ರಸ್ತೆ ದಾಟಿದಳು.

ಮಾರಿ ಉಳಿದ ನಾಲ್ಕು ಮೀನು, ಕರಗುತ್ತಿದ್ದ ಐಸು, ಅದರಡಿಯಿಂದ ಅವಳು ಪ್ಲಾಸ್ಟಿಕ್ ಚೀಲ ಎಳೆದು ಬಿಚ್ಚಿದಳು. ರಾಜೀವ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಜ್ವರ ನೋಡುವವನಂತೆ ಅದರ ಬೆನ್ನಿಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಿಡಿದ.

"ಬಿಸಿಯೇ ಇದೆ ಗಂಗಕ್ಕಾ. ತಣಿಯೂ ತನಕ ಕೂತ್ಕೊಳ್ಬೇಕು ನೀನು."

"ಹೇಳಿದ್ನಲ್ಲ ನಾನು," ಎಂದು ಗಂಗೆ ಸ್ಟೂಲು ಎಳೆದುಕೊಂಡಳು.

ಅವರಿಬ್ಬರ ನಡುವೆ ಕೌಂಟರಿನ ಮೇಲೆ ಮೊಬೈಲು ಬಿದ್ದಿತ್ತು. ಪಕ್ಕದ ಚೀಲದಿಂದ ಇಳಿದ ಐಸಿನ ನೀರು ಮೆಲ್ಲಗೆ ಹರಿದು ಅಂಚಿಗೆ ಬಂದಿತ್ತು. ಇಬ್ಬರೂ ಒರೆಸಲು ಹೋಗಲಿಲ್ಲ.